ತಾರಸಿಯ ಮೇಲಿನ ಸಮುದ್ರ

ಉಪಗ್ರಹದ ಜಿಪಿಎಸ್ ಸಂಕೇತ ಸಮುದ್ರಕ್ಕೆ ಬಡಿದು ಮರಳುವಾಗ ಎಷ್ಟು ಚದುರಿದೆಯೆಂದು ನೋಡಿ ಅಲೆಗಳ ಅಬ್ಬರ ಹೇಳುವುದು ನನ್ನ ಸಂಶೋಧನೆ. ಮೈಸೂರಿನಲ್ಲಿ ಸಮುದ್ರವನ್ನು ಎಲ್ಲಿಂದ ತರಲಿ? ವಿಜಯನಗರದಲ್ಲಿ ಕಟ್ಟಿಸುತ್ತಿದ್ದ ನಮ್ಮ ಮನೆಯ ಹೊಸ ತಾರಸಿಯ ಮೇಲೆ ಮೇಸ್ತ್ರಿ ಮಣ್ಣಿನ ಬದು ಕಟ್ಟಿ, ಕಾಂಕ್ರೀಟ್ ಒಣಗದೆ ಗಟ್ಟಿಯಾಗುವ ಕ್ಯೂರಿಂಗ್‌ಗೆಂದು ನೀರು ನಿಲ್ಲಿಸಿದ್ದರು. ದಿನಾ ನೀರು ತುಂಬಿಸುವುದು ನನ್ನ ಕೆಲಸ. ನಾನು ಅದರತ್ತ ಆಂಟೆನಾ ಬಗ್ಗಿಸಿಟ್ಟು, ಕೆಳಗೆ ಮರಳಿನ ಗುಡ್ಡೆಯ ಪಕ್ಕ ಕಂಪ್ಯೂಟರ್ ಹಿಡಿದು ಕೂತೆ.

ಒಂದು ಮಧ್ಯಾಹ್ನ ಸಂಕೇತ ಚೆಲ್ಲಾಪಿಲ್ಲಿಯಾಯಿತು. ಗಾಳಿಯೇ ಇಲ್ಲದೆ ಅಲೆ! ಈ ಸಿದ್ಧಾಂತಕ್ಕೆ ನನ್ನ ಹೆಸರನ್ನೇ ಇಡಬೇಕೆಂದು ನಿಶ್ಚಯಿಸಿ ಹೆಂಡತಿಯನ್ನು ಕೂಗಿದೆ.

"ಸಮುದ್ರದಲ್ಲಿ ಬಿರುಗಾಳಿ ಎದ್ದಿದೆ ಕಣೇ!"

ತಾರಸಿ ಹತ್ತಿ ನೋಡಿದ ಅವಳು ಅಲ್ಲಿಂದಲೇ ಹೇಳಿದಳು.

"ನೀರು ಹಾಕೋದೇ ಮರೆತ್‌ಬುಟ್ರಾ? ಎಲ್ಲಾ ಆರಿಹೋಗಿ ನಿಮ್ಮ ಸಮುದ್ರ ಬಿರುಕು ಬಿಟ್ಟಿದೆ ಕಣ್ರೀ."