ಪಾಚಿ ಕಟ್ಟದ ಮೆಟ್ಟಿಲು

ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳ ಪಾಚಿ ಕೆರೆಯುವುದು ಅವಳ ಕೆಲಸ. ಹಾಗಾಗಿ ಊರಿಗೆಲ್ಲ ಅವಳು ಪಾಚಕ್ಕ. ಸ್ವಂತ ಹೆಸರು ಹಿಡಿದು ಕರೆಯುತ್ತಿದ್ದದ್ದು ಸಂಬಳದ ದಿನ ಮಾತ್ರ.

ಆ ಕೆಲಸ ಸಿಕ್ಕಿದ್ದು ಗಂಡ ಸತ್ತ ಮೇಲೆ. ಅವನು ಬಟ್ಟೆ ಒಗೆಯುವವನು. ನೆನೆದ ಕಂಬಳಿಗಳ ಗಂಟು ಹೊತ್ತು ಮೇಲೆ ಹತ್ತುವಾಗ ಪಾಚಿಯ ಮೇಲೆ ಕಾಲು ಜಾರಿ ಬಿದ್ದ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಗೆಯುವವರೆಲ್ಲ ಪುರಸಭೆಯ ಮುಂದೆ ಗಲಾಟೆ ಮಾಡಿದರು. ಮೆಟ್ಟಿಲು ಉಜ್ಜಲು ಒಬ್ಬರನ್ನು ಇಡುತ್ತೇವೆಂದು ಪುರಸಭೆಯವರು ಒಪ್ಪಿದರು. ಆ ಒಬ್ಬರು ಅವಳೇ ಆದಳು.

ಕಬ್ಬಿಣದ ಪಟ್ಟಿಯಿಂದ ಕೆರೆದು, ಮರಳು ಹಾಕಿ ಗಸಗಸ ಉಜ್ಜಿದರೆ ಕಲ್ಲು ಬೆಳ್ಳಗಾಗುತ್ತಿತ್ತು. ನಾಲ್ಕು ದಿನ ಬಿಸಿಲು ಬಿದ್ದರೆ ಮತ್ತೆ ಹಸಿರು, ಕೂದಲಿನಂತೆ ನುಣುಪು. "ನಿನ್ನ ವಂಶ ಹಾಳಾಗ" ಎಂದು ಬಯ್ಯುತ್ತಲೇ ಅವಳು ಕೆರೆಯುತ್ತಿದ್ದಳು. ಒಗೆಯುವ ಹೆಂಗಸರು ನಗುತ್ತಿದ್ದರು: "ಏನ್ ಪಾಚಕ್ಕ, ಸವತಿ ಜೊತೆ ಜಗಳ ಮುಗೀತಾ?"

"ಎಲ್ಲಿ ಮುಗಿಯತ್ತೆ? ನಾಳೆ ಮತ್ತೆ ಬಂದು ಕೂತಿರ್ತಾಳೆ."

ಅಪ್ಪ ಸತ್ತಾಗ ಚಿಕ್ಕವಳಿದ್ದ ಮಗಳು ಬೆಳೆದು ದೊಡ್ಡವಳಾಗುವ ಹೊತ್ತಿಗೆ ಹೊಳೆಯ ಮೇಲ್ಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಬಂತು. ಮಗಳಿಗೂ ಅಲ್ಲೇ ಕೆಲಸವಾಯಿತು. ಕಾರ್ಖಾನೆ ಬಿಡುವ ನೀರಿಗೆ ಹೊಳೆ ಬೆಳಿಗ್ಗೆ ನೀಲಿ, ಮಧ್ಯಾಹ್ನ ಕಂದು. ಒಗೆಯುವವರು ಬಯ್ದುಕೊಳ್ಳುತ್ತ ನಲ್ಲಿಯ ಕಡೆ ಹೋದರು. ಮೆಟ್ಟಿಲ ಪಾಚಿ ಮೊದಲು ಹಳದಿಗಟ್ಟಿತು, ಆಮೇಲೆ ಸುಲಿದ ಚರ್ಮದ ಹಾಗೆ ಎದ್ದು ನೀರಿನಲ್ಲಿ ಹೋಯಿತು. ಹೊಸದು ಬರಲಿಲ್ಲ. ಅವಳು ಮಾತ್ರ ಅಭ್ಯಾಸಬಲದಿಂದ ಬಂದು ಉಜ್ಜುತ್ತಿದ್ದಳು.

"ಏನಕ್ಕಾ, ಬರೀ ಕಲ್ಲು ಕೆರೀತಿದೀಯಲ್ಲ?" ಎಂದ ಪುರಸಭೆಯ ಮೇಸ್ತ್ರಿ.

"ಕೆರಿ ಅಂದಿದ್ರಿ, ಕೆರೀತಿದೀನಿ."

ಅದೇ ದಿನಗಳಲ್ಲಿ ಕಾಲೇಜಿನ ಮೇಷ್ಟ್ರಮ್ಮ ಒಬ್ಬರು ನೀರು ತುಂಬಿಕೊಳ್ಳಲು ಸೀಸೆಗಳನ್ನು ಹಿಡಿದು ಬಂದರು. ಪಾಚಿ ಯಾವಾಗಿನಿಂದ ಇಲ್ಲ ಎಂದು ಕೇಳಿದರು.

"ಹೋದ್ರೆ ಒಳ್ಳೇದೇ ಅಲ್ವಾ ಮೇಡಂ? ಯಾರೂ ಜಾರಿ ಬೀಳಲ್ಲ."

"ಬಣ್ಣದ ನೀರೊಳಗೆ ಬಿಸಿಲು ಇಳಿಯಲ್ಲಮ್ಮ. ಬಿಸಿಲಿಲ್ಲದೆ ಪಾಚಿಗೆ ಊಟ ಇಲ್ಲ. ಜೊತೆಗೆ ಬಣ್ಣದ ವಿಷ ಬೇರೆ. ಪಾಚಿ ಸತ್ರೆ ಅದನ್ನ ತಿನ್ನೋ ಹುಳ ಸಾಯುತ್ತೆ, ಹುಳ ತಿನ್ನೋ ಮೀನೂ ಸಾಯುತ್ತೆ."

"ಹೌದಾ" ಎಂದಳು ಅವಳು. ಮೇಷ್ಟ್ರಮ್ಮ ಹೋದ ಮೇಲೂ ಕೆಳಗಿನ ಮೆಟ್ಟಿಲ ಮೇಲೇ ಕೂತಿದ್ದಳು. ಇಷ್ಟು ವರ್ಷ ಬಾಯಿ ತುಂಬ ಶಪಿಸಿದ್ದು ನಿಜವಾಗಿಬಿಟ್ಟಿತ್ತು. ಖುಷಿಯಾಗಬೇಕಲ್ಲ ಎಂದು ಕಾದಳು. ಖುಷಿಯಾಗಲಿಲ್ಲ. ಹಾಗಂತ ದುಃಖವೂ ಆಗಲಿಲ್ಲ. ಮರಗಟ್ಟಿದ ಕಾಲನ್ನು ಚಿವುಟಿದಂತಿತ್ತು, ಅಷ್ಟೇ. ಎದ್ದು ಸೀರೆ ಕೊಡವಿಕೊಂಡು ಮನೆಗೆ ಹೋದಳು.

ಮುಂದಿನ ತಿಂಗಳು ಅವಳನ್ನು ಬಸ್ ನಿಲ್ದಾಣದ ಶೌಚಾಲಯ ತೊಳೆಯಲು ಹಾಕಿದರು. ಫಿನಾಯಿಲ್ ವಾಸನೆಗೆ ಮೊದಮೊದಲು ತಲೆ ಸುತ್ತುತ್ತಿತ್ತು, ಆಮೇಲೆ ಅದೂ ಹೋಯಿತು.

ಒಂದು ಬೇಸಿಗೆಯಲ್ಲಿ ಕಾರ್ಖಾನೆಯ ಬಾಯ್ಲರ್ ಕೆಟ್ಟು ಕೆಲಸ ನಿಂತಿತು. ಹೊಳೆಯ ನೀರು ತಿಳಿಯಾಗುತ್ತ ಬಂತು. ಮತ್ತೆ ಪಾಚಿ ಬಂದಿದೆಯೋ ಏನೋ ನೋಡಿ ಬಾ ಎಂದು ಮೇಸ್ತ್ರಿ ಕಳಿಸಿದ. ಅವಳು ಮೊಣಕಾಲುದ್ದ ನೀರಿಗಿಳಿದು ಕಲ್ಲುಗಳನ್ನು ಕೈಯಿಂದ ಸವರಿದಳು. ಹಸಿರು ಎಲ್ಲೂ ಇರಲಿಲ್ಲ. ತೀರಾ ಕೆಳಗಿನ ಮೆಟ್ಟಿಲಿಗೆ ಕರ್ರಗಿನ ಲೋಳೆಯೊಂದು ಅಂಟಿಕೊಂಡಿತ್ತು, ಮೂಗಿಗೆ ಹಿಡಿದರೆ ಕೊಳೆತ ಮೊಟ್ಟೆಯ ವಾಸನೆ. ಕೆರೆದು ದಡಕ್ಕೆ ಹಾಕಿದಳು. ಬಯ್ಯಲು ಬಾಯಿ ತೆರೆದವಳು ಕೈ ತೊಳೆದುಕೊಂಡು ಮೆಟ್ಟಿಲು ಹತ್ತಿದಳು.

ಕೆಲಸವಿಲ್ಲದೆ ಮನೆಯಲ್ಲಿದ್ದ ಮಗಳು ಊಟಕ್ಕೆ ಬಡಿಸುತ್ತ ಕೇಳಿದಳು: "ಬಂದಿತ್ತಾ ಅಮ್ಮಾ, ನಿನ್ ಪಾಚಿ?"

"ಅದು ಬಂದಿಲ್ಲ. ಬೇರೆ ಏನೋ ಬಂದಿದೆ, ಕಪ್ಪಗೆ."

"ಏನದು?"

"ಯಾರಿಗ್ಗೊತ್ತು. ಕೆರೆದು ಬಂದೆ."

"ಬೇಜಾರಾ?"

ಅವಳು ತಟ್ಟೆಯಲ್ಲಿ ಉಳಿದಿದ್ದ ತುತ್ತು ಬಳಿದು ತಿಂದಳು. "ಇಲ್ವೇ" ಎಂದಳು. "ಆಗ್ಬೇಕಿತ್ತೇನೋ. ಇನ್ನೊಂಚೂರು ಅನ್ನ ಹಾಕು."

ವಾರ ಕಳೆಯುವುದರೊಳಗೆ ಬಾಯ್ಲರ್ ರಿಪೇರಿಯಾಯಿತು. ಮಗಳು ಕಾರ್ಖಾನೆಗೆ ಹೋದಳು, ಅವಳು ಬಸ್ ನಿಲ್ದಾಣಕ್ಕೆ.