ಚಳಿಗೆ ಮರಗಟ್ಟಿದ ಬೆರಳಿನ ಸಹಿ

‘ಅನ್‌ಫಿಟ್’ ಎಂದು ಬರೆದ ಕಾಗದ ಮುಂದಿಟ್ಟು ಕಂಪನಿಯ ಡಾಕ್ಟರು ಸಹಿ ಹಾಕಿ ಎಂದರು. ನಾನು ಪೆನ್ನು ಮುಟ್ಟಲಿಲ್ಲ.

ನೋಯ್ಡಾದ ದೊಡ್ಡ ಕಟ್ಟಡವೊಂದರಲ್ಲಿ ನಾವು ಏಳು ಜನ ಗ್ರಾನೈಟ್ ಪಾಲಿಶ್ ಮಾಡುತ್ತಿದ್ದೆವು. ದೆಹಲಿಯ ಮುಖರ್ಜಿ ನಗರದಲ್ಲಿ ಮೂರು ವರ್ಷ ಕೋಚಿಂಗಿಗೆ ಕೂತು, ಸರ್ಕಾರಿ ನೌಕರಿ ಸಿಗದೆ, ಕಲ್ಲು ಉಜ್ಜುವ ಗ್ರೈಂಡರ್ ಹಿಡಿದವನು ನಾನು. ಇಪ್ಪತ್ತೆರಡು ವರ್ಷದಿಂದ ಅದು ಅಂಗೈಯಲ್ಲಿ ಗುಂಯ್‌ಗುಡುತ್ತಲೇ ಇದೆ. ಮೇಸ್ತ್ರಿಯಾದ ಮೇಲೂ ಕಲ್ಲಿನ ಅಂಚು ತಿದ್ದುವ ಕೆಲಸ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅದನ್ನೇ ಕಿತ್ತುಕೊಳ್ಳುವ ಕಾಗದ ಅದು.

ಅಂದು ಸೈಟಿನಲ್ಲಿ ಆರೋಗ್ಯ ತಪಾಸಣೆ. ಮೇಜಿನ ಮೇಲೊಂದು ಡಬ್ಬಿ, ಅದರಲ್ಲಿ ಕಡಲೆಕಾಳಿನಷ್ಟು ಗುಂಡಿ. ಬೆರಳ ತುದಿಯನ್ನು ಅದರ ಮೇಲಿಟ್ಟರೆ ಗುಂಡಿ ನಡುಗತೊಡಗುತ್ತದೆ. ಮೊದಲು ಗೊತ್ತೇ ಆಗದಷ್ಟು, ಆಮೇಲೆ ಜೋರಾಗಿ. ತಿಳಿದ ಕ್ಷಣ ಹೂಂ ಅನ್ನಬೇಕು. ಹೂಂ ತಡವಾದಷ್ಟೂ ಬೆರಳು ಮಂದ ಎಂದು ಅರ್ಥ. ವರ್ಷಗಟ್ಟಲೆ ಗ್ರೈಂಡರ್ ಹಿಡಿದರೆ ಹಾಗಾಗುತ್ತದಂತೆ.

“ಮೂರು ಬೆರಳೂ ಫೇಲ್, ಅಂಕಲ್,” ಎಂದಳು ಯಂತ್ರ ನಡೆಸುವ ಹುಡುಗಿ.

“ಇನ್ನೊಂದು ಸಲ ನೋಡು, ಬೇಟಾ.”

“ಎಲ್ಲರಿಗೂ ಒಂದೇ ಸಲ. ಹಿಂದೆ ಲೈನ್ ನೋಡಿ.”

ಲೈನಿನಿಂದ ನನ್ನ ತಂಡದವನೊಬ್ಬ ಕೂಗಿದ: “ಉಸ್ತಾದ್, ಚೌಕಾಸಿ ಮಾಡೋದಾದ್ರೆ ಕೊತ್ತಂಬರಿ ಸೊಪ್ಪೂ ಫ್ರೀ ಕೇಳಿ!”

ನಗಲಿ. ಕರೋಲ್ ಬಾಗ್ ಮಾರುಕಟ್ಟೆಯಲ್ಲಿ ತಕ್ಕಡಿ ಕೊಳ್ಳುವಾಗ ನಾನು ಒಂದೇ ಕಲ್ಲನ್ನು ಎರಡು ಸಲ ಇಟ್ಟು ನೋಡುತ್ತೇನೆ. ನೀವೂ ನೋಡಿ. ತೂಕ ಬದಲಾದರೆ ಆ ತಕ್ಕಡಿ ಎಷ್ಟು ಹೊಳೆದರೂ ಬೇಡ. ಅಂದು ಜನವರಿಯ ಬೆಳಿಗ್ಗೆ; ಮಯೂರ್ ವಿಹಾರದ ಮನೆಯಿಂದ ಗ್ಲೌಸ್ ಇಲ್ಲದೆ ಸ್ಕೂಟರ್ ಓಡಿಸಿಕೊಂಡು ಬಂದು, ಅರ್ಧ ಗಂಟೆ ಗ್ರೈಂಡರ್ ಹಿಡಿದು, ಅದೇ ಕೈಯನ್ನು ಡಬ್ಬಿಯ ಮೇಲಿಟ್ಟಿದ್ದೆ. ಇದನ್ನು ಯಾರಾದರೂ ಕೇಳಿದರೇ?

ಡಾಕ್ಟರ ಬಳಿ ಹೋದೆ. “ಸಾಹೇಬ್ರೇ, ನಾಳೆ ಈ ಕೈ ಇಟ್ಟರೂ ಇದೇ ನಂಬರ್ ಬರುತ್ತೆ ಅಂತ ಬರೆದುಕೊಡಿ. ಈಗಲೇ ಸಹಿ ಹಾಕ್ತೀನಿ.”

ಅವರು ಬರೆದುಕೊಡಲಿಲ್ಲ. ಒಂದೇ ಸಲ ಎಂಬ ನಿಯಮ ಬಿಟ್ಟು, ಇನ್ನೆರಡು ದಿನ ಬಂದು ಪರೀಕ್ಷೆ ಮಾಡಿಸಿಕೊಳ್ಳಿ ಎಂದರು.

ಮನೆಯಲ್ಲಿ ಹೆಂಡತಿಗೆ ಈ ಗೆಲುವಿನ ಕಥೆ ಹೇಳಿದೆ.

“ಅಂಗಿ ಗುಂಡಿ ಹಾಕೋಕೆ ದಿನಾ ನನ್ನ ಕರೀತೀರಲ್ಲ, ಅದನ್ನೂ ಹೇಳಿದ್ರಾ?”

“ಚಳಿ ಕಣೇ.”

“ಮೇ ತಿಂಗಳಲ್ಲೂ ಚಳಿಯೇನ್ರೀ?”



ಮರುದಿನ ಮೆಟ್ರೋದಲ್ಲಿ ಹೋದೆ. ಗ್ರೈಂಡರ್ ಮುಟ್ಟಲಿಲ್ಲ, ಬಿಸಿ ಚಹಾದ ಲೋಟ ಹಿಡಿದು ಕೈ ಬೆಚ್ಚಗಾದ ಮೇಲೆ ಪರೀಕ್ಷೆಗೆ ಕೂತೆ. ನಡುಬೆರಳು ಪಾಸು, ಉಂಗುರಬೆರಳು ಪಾಸು. ತೋರುಬೆರಳು ಮಾತ್ರ ನಿನ್ನೆಯಷ್ಟೇ ತಡ. ಮೂರನೇ ದಿನವೂ ಹಾಗೆಯೇ. ಆ ಹುಡುಗಿ ತಾನಾಗಿಯೇ ಇನ್ನೊಮ್ಮೆ ಇಟ್ಟು ನೋಡಿದಳು. ಗುಂಡಿ ನಡುಗುತ್ತಿರುವುದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು; ನನ್ನ ಬೆರಳಿಗೆ ಮಾತ್ರ ತಿಳಿಯಲಿಲ್ಲ.

ಮೂರು ಸಲ ಎದ್ದು ಹೋಗಿ ಬಂದರೂ ಅಂಗಡಿಯವನು ಇಳಿಸದ ಬೆಲೆಯೇ ನಿಜವಾದ ಬೆಲೆ. ಬೆರಳಿಗೂ ಅದೇ ಮಾತು. ಹಿಂದೆ ಮುಂದೆ ಆಗುವ ಸಂಖ್ಯೆಯೊಡನೆ ನಾನು ಸಾಯುವತನಕ ಜಗಳವಾಡಬಲ್ಲೆ. ಕದಲದ ಸಂಖ್ಯೆಯೊಡನೆ ಆಡಲಾರೆ.

“ಆಯ್ತಲ್ಲ? ಇನ್ನಾದರೂ ಸಹಿ ಹಾಕಿ,” ಎಂದರು ಡಾಕ್ಟರು.

“ಮೂರು ಬೆರಳಿಗೆ ಹಾಕೋದಿಲ್ಲ. ಹಳೇದು ಹರಿದು, ಒಂದು ಬೆರಳು ಅಂತ ಬರೀರಿ. ಗ್ರೈಂಡರ್ ನಾನೇ ಕೆಳಗಿಡ್ತೀನಿ. ಆದರೆ ಮೊದಲ ದಿನ ನನ್ನ ಹಾಗೇ ಫೇಲಾದ ನನ್ನ ತಂಡದ ಇಬ್ಬರನ್ನೂ ಮತ್ತೆ ಪರೀಕ್ಷೆ ಮಾಡಬೇಕು.”

“ಅವರು ಆಗಲೇ ಸಹಿ ಹಾಕಿಬಿಟ್ಟಿದ್ದಾರೆ.”

“ಸಹಿ ಹಾಕಿದ್ದು ಚಳಿಗೆ ಮರಗಟ್ಟಿದ ಬೆರಳು, ಸಾಹೇಬ್ರೇ. ಅದು ನಡೆಯಲ್ಲ.”

ಕುರ್ಚಿಯಿಂದ ನಾನು ಏಳಲಿಲ್ಲ. ಹಿಂದೆ ಲೈನ್ ಬೆಳೆಯಿತು. ಈ ಸಲ ಯಾರೂ ನಗಲಿಲ್ಲ. ಕೊನೆಗೆ ಡಾಕ್ಟರು ಹೊಸ ಕಾಗದ ಎಳೆದುಕೊಂಡು, “ಕರೀರಿ ಅವರನ್ನ,” ಎಂದರು.

ಇಬ್ಬರೂ ಬಂದರು. “ಮೊದಲು ಕೈ ಉಜ್ಜಿ ಬಿಸಿ ಮಾಡಿಕೊಳ್ಳಿ,” ಎಂದೆ. “ಕಾಲು ಗಂಟೆ ಆಗಲಿ, ಯಾರೂ ಅವಸರ ಮಾಡಲ್ಲ. ಆದರೆ ನಡುಕ ತಿಳಿಯದೆ ಸುಮ್ಮನೆ ಹೂಂ ಅಂದ್ರೆ, ಕಂಪನಿ ಒಪ್ಪಿದರೂ ನಾನು ನಿಮ್ಮ ಕೈಗೆ ಗ್ರೈಂಡರ್ ಕೊಡಲ್ಲ.”