ಮಗ್ಗದ ಗಂಟಲು

ಲಾ ಓದುವುದು ಯಾಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಬಡವರಿಗೆ ನ್ಯಾಯ ಕೊಡಿಸಬೇಕು ಎನ್ನುವವರಿದ್ದಾರೆ, ಜಡ್ಜಾಗಬೇಕು ಎನ್ನುವವರಿದ್ದಾರೆ, ಬೇರೆಲ್ಲೂ ಸೀಟು ಸಿಗಲಿಲ್ಲ ಎಂದು ನಿಜ ಹೇಳುವವರೂ ಇದ್ದಾರೆ. ನಾನು ಲಾ ಓದಲು ಹೊರಟಿದ್ದು ನನ್ನ ಸೋದರಮಾವನ ಹೊಟ್ಟೆ ಉರಿಸಲು. ಹೀಗೆ ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ.

ನಮ್ಮದು ಆಂಧ್ರದ ಗಡಿಯ ಹಿಂದೂಪುರ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಮನೆಯ ಮುಂಭಾಗದಲ್ಲಿ ನಾವು, ಹಿಂಭಾಗದಲ್ಲಿ ಅಪ್ಪನ ಪವರ್‌ಲೂಮುಗಳು. ಅವು ಓಡುವ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಉಪ್ಪು ಬೇಕೆಂದರೂ ಕೂಗಬೇಕು, ಗುಟ್ಟು ಹೇಳಬೇಕೆಂದರೂ ಕೂಗಬೇಕು. ಕರೆಂಟು ಹೋಗಿ ಮಗ್ಗ ನಿಂತಾಗ ನಮ್ಮ ಬಾಯಿ ಮಾತ್ರ ಅದೇ ಎತ್ತರದಲ್ಲಿ ಓಡುತ್ತಿರುತ್ತದೆ. ಹೊಸಬರು ಬೀದಿಯಲ್ಲಿ ಹೋಗುವಾಗ ಏನೋ ದೊಡ್ಡ ಜಗಳವೆಂದು ನಿಂತು ನೋಡುತ್ತಾರೆ. ಒಳಗೆ ನೋಡಿದರೆ ಅಪ್ಪ ಅಮ್ಮ ಸಾರಿಗೆ ಹುಣಸೆಹಣ್ಣು ಸಾಕೋ ಸಾಲದೋ ಎಂದು ಮಾತಾಡುತ್ತಿರುತ್ತಾರೆ.

ಅಮ್ಮನ ತವರು ಕಲ್ಯಾಣದುರ್ಗ. ಅಲ್ಲಿನ ತಾತ ಮಗ್ಗ ಬಿಟ್ಟು ಬಟ್ಟೆ ಅಂಗಡಿ ಇಟ್ಟವನು. ಅವನ ಕೊನೆಯ ಮಗ, ಅಮ್ಮ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ, ಲಾ ಓದಿ ಆ ಊರಿನ ಕೋರ್ಟಿನಲ್ಲೇ ಲಾಯರಾದ. ನಮ್ಮಲ್ಲಿ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ತಮ್ಮನದು. ನಾನು ಹುಟ್ಟಿದ ದಿನವೇ ಅಜ್ಜಿ "ನಮ್ಮನೆ ಸೊಸೆ ಹುಟ್ಟಿದ್ಲು" ಅಂದಳಂತೆ. ಹಾಗಾಗಿ ಅವನನ್ನು ಮದುವೆಯಾಗಬೇಕೆಂಬುದು ನನಗೆ ಸಂತೋಷವೂ ಆಗಿರಲಿಲ್ಲ, ಸಂಕಟವೂ ಆಗಿರಲಿಲ್ಲ. ಮನೆಗೆ ಬಾಗಿಲು ಇರುವ ಹಾಗೆ ಅದೂ ಇತ್ತು.

ನನ್ನ ಡಿಗ್ರಿ ಮುಗಿದ ಮೇಲೆ ಮದುವೆ ಮಾತು ಮುಗಿಸಲು ನಾವು ಕಲ್ಯಾಣದುರ್ಗಕ್ಕೆ ಹೋದೆವು. ಅವತ್ತು ಮಾವನ ಸೀನಿಯರ್ ಲಾಯರೂ ಅವರ ಹೆಂಡತಿಯೂ ಬಂದಿದ್ದರು. ಇಬ್ಬರೂ ಬಹಳ ಮೆತ್ತಗೆ, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವರ ಹಾಗೆ ಮಾತಾಡುತ್ತಿದ್ದರು. ನಾನು ಕಾಫಿ ತಂದು, ನಮ್ಮ ಮನೆಯಲ್ಲಿ ಹೇಳುವ ಹಾಗೆಯೇ, "ತಗಳ್ಳಿ ಸಾರ್" ಅಂದೆ. ಆ ಮನುಷ್ಯ ಬೆಚ್ಚಿಬಿದ್ದು ಕಾಫಿ ಪಂಚೆಯ ಮೇಲೆ ಚೆಲ್ಲಿಕೊಂಡರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾವ ಒಬ್ಬನೇ ನಗಲಿಲ್ಲ.

ಅವರು ಹೋದ ಮೇಲೆ, ನೆಂಟರೆಲ್ಲ ಇನ್ನೂ ಚಾಪೆಯ ಮೇಲೆ ಕೂತಿರುವಾಗಲೇ, ಅವನು ಅಮ್ಮನಿಗೆ ಹೇಳಿದ: "ಅಕ್ಕಾ, ಇವಳ್ದು ಮಗ್ಗದ ಗಂಟ್ಲು ಕಣೆ. ಇಂಗ್ಲಿಷ್ ಒಂದ್ ಮಾತು ಬರಲ್ಲ. ನಾಳೆ ಜಡ್ಜ್ ಮನೇವ್ರು ಬಂದ್ರೆ ಇವಳ್ನ ಎಲ್ಲಿ ಬಚ್ಚಿಡ್ಲಿ? ನಂಗೆ ಬ್ಯಾಡ."

ಅಜ್ಜಿ ಮಗನ ಪರ ನಿಂತಳು. "ಓದಿದೋನು, ಅವನ್ಗೆ ತಕ್ಕೋಳ್ನ ನೋಡ್ಕಂತಾನೆ ಬುಡು" ಅಂದಳು. ಮಗ್ಗದ ಸದ್ದಿನ ಮೇಲೆ ಕೂಗಿ ಬೀದಿಗೇ ಕೇಳಿಸುವ ನನ್ನ ಅಮ್ಮನೂ ಅವತ್ತು ಬಾಯಿ ಬಿಡಲಿಲ್ಲ. ಸಾಯಂಕಾಲದ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತವಳು ಹಿಂದೂಪುರ ಬರುವವರೆಗೂ ಹಾಗೆಯೇ ಇದ್ದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ಮದುವೆ ತಪ್ಪಿದ್ದಕ್ಕೆ ನಾನು ಒಂದು ತೊಟ್ಟು ಕಣ್ಣೀರೂ ಹಾಕಲಿಲ್ಲ. ಆದರೆ ಬಚ್ಚಿಡಬೇಕಾದ ವಸ್ತು ಎಂದನಲ್ಲ, ಅದು ಗಂಟಲಲ್ಲಿ ಮುಳ್ಳಾಗಿ ನಿಂತಿತು. ಯಾವ ಕೋರ್ಟಿನ ಜಂಬದಲ್ಲಿ ಅವನು ಆ ಮಾತು ಆಡಿದನೋ ಅದೇ ಕೋರ್ಟಿನಲ್ಲಿ, ಅವನ ಎದುರು ಪಾರ್ಟಿಯ ಲಾಯರಾಗಿ, ಇದೇ ಗಂಟಲಿನಲ್ಲಿ ಅವನ ಬೆವರಿಳಿಸುತ್ತೇನೆ ಎಂದು ಆ ಬಸ್ಸಿನಲ್ಲೇ ತೀರ್ಮಾನಿಸಿದೆ. ಕೋಪದಲ್ಲಿ ಮಾಡಿದ ತೀರ್ಮಾನ ನಿಲ್ಲುವುದಿಲ್ಲ ಎಂದು ದೊಡ್ಡವರು ಹೇಳುತ್ತಾರೆ. ನನ್ನದು ನಿಂತಿತು.

ಎಂಟ್ರೆನ್ಸ್ ಪರೀಕ್ಷೆಯನ್ನು ತೆಲುಗಿನಲ್ಲಿ ಬರೆದೆ, ಅನಂತಪುರದ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ತರಗತಿ ಶುರುವಾಗಲು ಇನ್ನೂ ಸಮಯವಿತ್ತು. ಅಷ್ಟರಲ್ಲಿ ಇಂಗ್ಲಿಷ್ ಕಲಿಯಬೇಕು. ಬಾಯಿಬಿಟ್ಟು ಓದದೆ ಭಾಷೆ ನಾಲಿಗೆಗೆ ಹತ್ತುವುದಿಲ್ಲ, ಬಾಯಿಬಿಟ್ಟರೆ ತಪ್ಪು ಕೇಳಿ ನಗುವವರು ಮನೆಮನೆಗೆ ಇದ್ದಾರೆ. ಅದಕ್ಕೆ ನಾನು ಹಳೆಯ ಪುಸ್ತಕದಂಗಡಿಯಲ್ಲಿ ತಂದ ಮೊದಲ ವರ್ಷದ ಪುಸ್ತಕಗಳನ್ನು ಹಿಡಿದು ಪವರ್‌ಲೂಮುಗಳ ನಡುವೆ ಹೋಗಿ ನಿಲ್ಲುತ್ತಿದ್ದೆ. ಆ ಗದ್ದಲದಲ್ಲಿ ನನ್ನ ಇಂಗ್ಲಿಷ್ ನನಗೊಬ್ಬಳಿಗೇ ಕೇಳುತ್ತಿತ್ತು. ಕಡಿದ ಎಳೆ ಕಟ್ಟಲು ಬಂದ ಅಪ್ಪ ಒಂದು ದಿನ ನನ್ನ ಕೈ ಬಾಯಿ ಆಡುವುದನ್ನು ನೋಡಿ ಕಿವಿಯ ಹತ್ತಿರ ಕೂಗಿದ.

"ಯಾರ್ನಮ್ಮ ಬಯ್ತಿದೀಯ?"

"ನಿನ್ ಬಾಮೈದನ್ನ!"

"ಸರಿ, ಬಯ್ಕೊ ಬಯ್ಕೊ" ಎಂದು ಎಳೆ ಕಟ್ಟಿ ಹೋದ.

ಕಾನೂನಿನ ಪುಸ್ತಕದಲ್ಲಿ ಮನುಷ್ಯರಿಗೆ ಹೆಸರಿರುವುದಿಲ್ಲ. 'ಎ' ಎಂಬುವನು 'ಬಿ' ಎಂಬುವನಿಗೆ ಕುಂಟು ಕುದುರೆಯನ್ನು ಒಳ್ಳೆಯ ಕುದುರೆಯೆಂದು ಮಾರುತ್ತಾನೆ. 'ಎ' 'ಬಿ'ಯ ಹೊಲಕ್ಕೆ ನುಗ್ಗುತ್ತಾನೆ. 'ಎ' 'ಬಿ'ಯ ಬಗ್ಗೆ ನಾಲ್ಕು ಜನರೆದುರು ಕೆಟ್ಟ ಮಾತಾಡುತ್ತಾನೆ. ನನ್ನ ಪುಸ್ತಕದಲ್ಲಿ ಎಲ್ಲ 'ಎ'ಗಳೂ ನನ್ನ ಮಾವನೇ. ಕುಂಟು ಕುದುರೆ ಮಾರಿದವನೂ ಅವನೇ, ಬೇಲಿ ಹಾರಿದವನೂ ಅವನೇ. ಹೀಗೆ ಓದಿದ್ದರಿಂದ ಒಂದು ಸೆಕ್ಷನ್ನೂ ಮರೆಯಲಿಲ್ಲ. ಭಕ್ತಿಯಿಂದ ಓದಿದರೆ ವಿದ್ಯೆ ಬರುತ್ತದೆ ಎನ್ನುತ್ತಾರೆ, ದ್ವೇಷದಿಂದ ಓದಿದರೂ ಚೆನ್ನಾಗಿ ಬರುತ್ತದೆ.

ನನಗೆ ಸೀಟು ಸಿಕ್ಕ ಸುದ್ದಿ ಕಲ್ಯಾಣದುರ್ಗಕ್ಕೆ ಮುಟ್ಟಿತು. ಒಂದು ಭಾನುವಾರ ಮಾವ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು, ಹಣ್ಣು ಹೂವು ಹಿಡಿದು ಬಂದ. ಜೊತೆಗೆ ನಮ್ಮ ಬೀದಿಯ ಯಜಮಾನರನ್ನೂ ಕರೆಸಿದ. ನೇಯುವ ಮನೆಗಳ ಮದುವೆ ಮಾತುಗಳು ಅವರ ಎದುರಿಗೇ ಆಗಬೇಕು. ಅಪ್ಪ ಮಗ್ಗ ನಿಲ್ಲಿಸಿ ಬಂದು ಕೂತ. ನನ್ನನ್ನು ಬೇಡವೆಂದ ಮೇಲೆ ಸೀನಿಯರ್ ಲಾಯರ ಕಡೆಯಿಂದ ಅವನಿಗೆ ಬಂದಿದ್ದ ಹೆಣ್ಣಿನ ಸಂಬಂಧ ಮುರಿದಿದೆ ಎಂದು ನಮಗೆ ಮೊದಲೇ ಗೊತ್ತಿತ್ತು.

"ಅಕ್ಕಾ, ಹಳೇದೆಲ್ಲ ಬುಟ್ಬುಡು" ಎಂದ ಮಾವ. "ಈ ಶ್ರಾವಣದಲ್ಲೇ ಮದ್ವೆ ಮಾಡ್ಬುಡಾನ. ಅನಂತಪುರದಾಗೆ ಹಾಸ್ಟೆಲ್ ಗೀಸ್ಟೆಲ್ ಏನೂ ಬ್ಯಾಡ. ಅಟೆಂಡೆನ್ಸು ನಾನು ನೋಡ್ಕಂತೀನಿ. ಮನ್ಯಾಗಿದ್ಕಂಡು ಪರೀಕ್ಷೆ ಬರೀಲಿ. ಆಮ್ಯಾಕೆ ನಮ್ಮ ಆಫೀಸಿನಾಗೇ ಜೂನಿಯರಾಗಿ ಫೈಲ್ ನೋಡ್ಕಂಡಿರ್ಲಿ."

ನಾನು ಒಳಗಿನಿಂದ ಬಂದು, "ನಾನು ಒಲ್ಲೆ" ಅಂದೆ.

ಅವನು ನಕ್ಕ. "ನಿನ್ನ ಯಾರು ಕೇಳಿದ್ರಮ್ಮ? ಅಕ್ಕನ್ ಮಗಳ ಮ್ಯಾಲೆ ಹಕ್ಕು ನಂದು. ಅದು ನಮ್ಮ ಕುಲಾಚಾರ. ನಾನು ಬ್ಯಾಡ ಅಂದಿದ್ದು ಬಾಯ್ ಮಾತು, ಹಕ್ಕೇನೂ ಬುಟ್ಕೊಟ್ಟಿಲ್ಲ."

ಯಜಮಾನರು ತಲೆ ಆಡಿಸಿದರು. ಅಪ್ಪ ತನ್ನ ಅಂಗೈ ನೋಡಿಕೊಂಡ. ತರಗತಿಯ ಮೊದಲ ದಿನವನ್ನೇ ಕಾಣದೆ ನನ್ನ ಲಾ ಮುಗಿಯುವ ಹಾಗೆ ಕಂಡಿತು. ನನ್ನ ಗಂಟಲು ಮಾತ್ರ ನಡುಗಲಿಲ್ಲ.

"ಹಿಂದೂ ವಿವಾಹ ಕಾಯ್ದೆ ಪ್ರಕಾರ ಸೋದರಮಾವ, ಅಕ್ಕನ ಮಗಳು ಮದ್ವೆ ಆಗಂಗಿಲ್ಲ. ಮಾಡ್ಕಂಡ್ರೂ ಅದು ಮದ್ವೆನೇ ಅಲ್ಲ" ಅಂದೆ.

"ಅರ್ಧ ಓದಿದೋರ ಪಾಡೇ ಇದು" ಎಂದು ಅವನು ಯಜಮಾನರ ಕಡೆ ತಿರುಗಿದ. "ಆಚಾರ ಇದ್ರೆ ಆಗ್ಬೋದು ಅಂತ ಅದ್ರಲ್ಲೇ ಬರ್ದೈತೆ. ನಮ್ಮಲ್ಲಿ ಆಚಾರ ಐತೆ."

ನಾನು ಕಾಯುತ್ತಿದ್ದುದು ಅವನ ಬಾಯಿಂದ ಅದೊಂದು ಮಾತು ಬರಲಿ ಎಂದೇ.

"ಆಚಾರದ ಮ್ಯಾಲೆ ನಿಂತ್ಕಂಡ್ರಲ್ಲ, ಪೂರ್ತಿ ಆಚಾರನೇ ಹಿಡೀರಿ. ಅಕ್ಕ ತನ್ನ ಕೈಯಾರೆ ತಮ್ಮನ್ಗೆ ಹಕ್ಕಿನ ಪಂಚೆ ಹೊದ್ಸಿದ್ರೆ ಹಕ್ಕು ಮುಗೀತು. ಹೌದೋ ಅಲ್ವೋ, ಯಜಮಾನ್ರನ್ನೇ ಕೇಳ್ರಿ."

ನಮ್ಮ ನೇಯುವ ಮನೆಗಳಲ್ಲಿ ಹೆಣ್ಣನ್ನು ಹೊರಗೆ ಕೊಡುವಾಗ ಹುಡುಗಿಯ ತಾಯಿ ಸ್ವಂತ ಮಗ್ಗದ ಪಂಚೆಯೊಂದನ್ನು ತಮ್ಮನ ಹೆಗಲಿಗೆ ಹೊದಿಸಿ, ವೀಳ್ಯ ಕೊಟ್ಟು, ನಿನ್ನ ಹಕ್ಕು ತೀರಿತು ಎನ್ನುತ್ತಾಳೆ. ಸಾಮಾನ್ಯವಾಗಿ ಅದು ನಗುನಗುತ್ತಾ ಮಾಡುವ ಶಾಸ್ತ್ರ. ಯಜಮಾನರು ಮೀಸೆ ತೀಡಿಕೊಂಡು ತೆಲುಗಿಗೆ ಇಳಿದರು. "ಅಮ್ಮಾಯಿ ಚೆಪ್ಪಿಂದಿ ನಿಜಮೇ", ಹುಡುಗಿ ಹೇಳಿದ್ದು ನಿಜವೇ, ಎಂದು ಒಪ್ಪಿಕೊಂಡು, "ಆದ್ರೆ ಅದು ತಾಯಿ ಮನಸ್ಸು. ಬೇರೆ ಯಾರೂ ಹೊದ್ಸಂಗಿಲ್ಲ" ಅಂದರು.

ಅಲ್ಲಿಗೆ ನನ್ನ ವಾದ ಮುಗಿದಿತ್ತು. ಅಮ್ಮನನ್ನು ನಾನು ಮೊದಲೇ ಕೇಳಿರಲಿಲ್ಲ. ಕೇಳಲು ಹೆದರಿಕೆಯಿತ್ತು. ಮಗಳಿಗೆ ಬೇರೆ ಗಂಡು ಗೊತ್ತಾಗದೆ ಪಂಚೆ ಹೊದಿಸುವುದೆಂದರೆ ತಮ್ಮನನ್ನು ನಾಲ್ಕು ಜನರ ಮುಂದೆ ತಳ್ಳಿದ ಹಾಗೆ. ಅಜ್ಜಿಗೂ ಅದು ಗೊತ್ತಿತ್ತು. ಅವಳು ಮಗಳ ಕಡೆ ಬೆರಳು ತೋರಿಸಿ, "ನೋಡು, ಹೊದ್ಸಿದ್ರೆ ತವರು ಮರ್ತ್ಬುಡು. ಕುಂಕುಮಕ್ಕೂ ಕರಿಯಲ್ಲ" ಅಂದಳು.

ಅಮ್ಮ ಎದ್ದು ಹಿಂದಕ್ಕೆ ಹೋದಳು. ಅಳಲು ಹೋದಳು ಎಂದುಕೊಂಡೆವು. ಆಮೇಲೆ ಕತ್ತರಿಯ ಸದ್ದು ಕೇಳಿಸಿತು.

ಅಪ್ಪನ ಅಪ್ಪನ ಕಾಲದ ಕೈಮಗ್ಗವೊಂದು ಮೂಲೆಯಲ್ಲಿದೆ, ಅಮ್ಮ ಬಿಡುವಿದ್ದಾಗ ಅದರ ಮೇಲೆ ಪಂಚೆ ನೇಯುತ್ತಾಳೆ. ಅವಳು ಬೀರುವಿನಲ್ಲಿ ಮಡಿಸಿಟ್ಟಿದ್ದ ಪಂಚೆ ಮುಟ್ಟದೆ ಮಗ್ಗದ ಮೇಲಿದ್ದುದನ್ನೇ ಕತ್ತರಿಸಿ ತಂದಿದ್ದಳು. ಅರ್ಧ ಪಂಚೆ. ಕೊನೆಯ ಪಟ್ಟಿ ನೇಯ್ದಿರಲಿಲ್ಲ, ಎಳೆಗಳು ನೇತಾಡುತ್ತಿದ್ದವು. ಅದನ್ನು ನೋಡಿದ ಕೂಡಲೇ ಅಪ್ಪ ಎದ್ದು ನಿಂತುಬಿಟ್ಟ. ನಮ್ಮಲ್ಲಿ ಮಗ್ಗದ ಮೇಲಿನ ಬಟ್ಟೆಯನ್ನು ಅರ್ಧಕ್ಕೆ ಕತ್ತರಿಸುವುದು ಒಂದೇ ಕಾರಣಕ್ಕೆ. ಮನೆಯಲ್ಲಿ ಸಾವಾದಾಗ, ಹೆಣಕ್ಕೆ ಹೊದಿಸಲು.

ಮಾವ ಲಾಯರಾಗಿದ್ದರೂ ನೇಕಾರರ ವಂಶದವನೇ. ಅವನ ಮುಖದ ಬಣ್ಣ ಇಳಿಯಿತು. "ಅಕ್ಕಾ, ಏನ್ ತಂದೀಯ?" ಅಂದ. ಅಮ್ಮ ಆ ಬಟ್ಟೆಯನ್ನು ಅವನ ಹೆಗಲ ಮೇಲೆ ಹೊದಿಸಿ, ವೀಳ್ಯದೆಲೆ ಅವನ ಕೈಯಲ್ಲಿಟ್ಟು, ಬೆರಳು ಮಡಿಸಿದಳು.

"ಹಕ್ಕು ತೀರ್ತು ಕಣಪ್ಪ" ಎಂದಳು. ಮಗ್ಗ ನಿಂತಿದ್ದ ಮನೆಯಲ್ಲಿ ಅವಳ ದನಿ ಬೀದಿಯ ಕೊನೆಗೆ ಕೇಳಿಸಿರಬೇಕು. "ನನ್ ಮಗಳ್ನ ಬಚ್ಚಿಡ್ಬೇಕು ಅಂದ್ಯಲ್ಲ, ಅವತ್ತೇ ನೀನು ನನ್ ಪಾಲಿಗೆ ಸತ್ತೆ. ಎದ್ದೋಗು."

ನಾನು ಇಷ್ಟು ತಿಂಗಳು ಸೆಕ್ಷನ್ ಸೆಕ್ಷನ್ ಜೋಡಿಸಿ ಅವನಿಗಾಗಿ ಗುಂಡಿ ತೋಡುತ್ತಿದ್ದೆ. ಅಮ್ಮ ಅದೇ ತಿಂಗಳುಗಳನ್ನು ಬಾಯಿ ಮುಚ್ಚಿಕೊಂಡು ಕಳೆದಿದ್ದಳು. ನಮ್ಮಿಬ್ಬರಲ್ಲಿ ದೊಡ್ಡ ಹಗೆ ಯಾರದು ಎಂದು ಅವತ್ತು ಗೊತ್ತಾಯಿತು. ಹೆದರಿಕೆಯಾಯಿತು, ಆಮೇಲೆ ಹೊಟ್ಟೆ ತಣ್ಣಗಾಯಿತು. ಆ ಅರ್ಧ ಬಟ್ಟೆಯನ್ನು ಎಲ್ಲಿ ಎಸೆಯಬೇಕೆಂದು ತಿಳಿಯದೆ ಹೆಗಲ ಮೇಲೇ ಇಟ್ಟುಕೊಂಡು ಅವನು ಕಾರು ಹತ್ತಿದ್ದನ್ನು ನಾನು ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದೆ. ಎದುರು ಮನೆಯವರೂ ನೋಡಿದರು. ಅಜ್ಜಿ ಮಗಳ ಮುಖ ನೋಡದೆ ಹೋದಳು.

ನಾನು ಹಾಸ್ಟೆಲಿಗೆ ಹೊರಡುವ ಮೊದಲೇ ಗೌರಿಹಬ್ಬ ಬಂತು. ಅಮ್ಮನಿಗೆ ಮದುವೆಯಾದಾಗಿನಿಂದ ಕಲ್ಯಾಣದುರ್ಗದಿಂದ ಬಾಗಿನ ತಪ್ಪಿದ್ದಿಲ್ಲ. ಬೆಳಗ್ಗೆ ಅವಳು ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ, ಹೊಸ ಸೀರೆ ಉಟ್ಟು, ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟಳು. ನಾನು ಒಳಗೆ ಲಾ ಕಾಲೇಜಿಗೆಂದು ಹೊಲಿಸಿದ್ದ ಬಿಳಿ ಚೂಡಿದಾರ, ಪುಸ್ತಕ ಎಲ್ಲ ಬ್ಯಾಗಿಗೆ ತುಂಬುತ್ತಿದ್ದೆ. ಮಧ್ಯಾಹ್ನದವರೆಗೂ ಅವಳು ಒಂದೊಂದು ನೆಪದಲ್ಲಿ ಬಾಗಿಲಿಗೆ ಹೋಗಿ ಬರುತ್ತಿದ್ದಳು. ಒಂದು ಸಲ ಕಾರು ನಿಂತ ಸದ್ದಾಯಿತು, ಪಕ್ಕದ ಮನೆಯವರದು.

ಊಟದ ಹೊತ್ತಿಗೆ ಅವಳು ನನ್ನ ಹತ್ತಿರ ಬಂದು ಕೂತಳು. ನಾನು ಮಡಿಸಿದ ಬಟ್ಟೆಯನ್ನೇ ತೆಗೆದು ಮತ್ತೆ ಮಡಿಸಿದಳು.

"ಅವನ್ಗೆ ನಡೆಯಾಕೆ ಕಲ್ಸಿದ್ದು ನಾನೇ ಕಣಮ್ಮ" ಎಂದಳು. ಜೀವನದಲ್ಲಿ ಮೊದಲ ಸಲ ಅವಳು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ. ಪಕ್ಕದಲ್ಲೇ ಕೂತಿದ್ದರೂ ಸರಿಯಾಗಿ ಕೇಳಿಸಲಿಲ್ಲ.

ನನ್ನ ಹೊಟ್ಟೆ ತಣ್ಣಗಾಗಿದೆ ಎಂದುಕೊಂಡಿದ್ದೆನಲ್ಲ, ಅದು ಸುಳ್ಳಾಯಿತು. ನನಗೆ ಆಡಿದ ಮಾತಿಗೆ ಅವನಿಗೆ ಶಿಕ್ಷೆ ಆಗಿತ್ತು. ಅಮ್ಮನಿಂದ ತವರನ್ನೂ ತಮ್ಮನನ್ನೂ ಕಿತ್ತುಕೊಂಡದ್ದಕ್ಕೆ ಇನ್ನೂ ಆಗಿಲ್ಲ. ಸೋಮವಾರ ನನ್ನ ಮೊದಲ ತರಗತಿ.